ಎರಡು ನಿಮಿಷದ ಸಿನಿಮಾ ಓಪನಿಂಗ್: ಜಾನರ್ ರೂಢಿಗಳನ್ನು ಎಷ್ಟು ಪಾಲಿಸಬೇಕು, ಎಲ್ಲಿ ಮುರಿಯಬೇಕು?

ಕೇಂಬ್ರಿಜ್ ಇಂಟರ್‌ನ್ಯಾಷನಲ್ ಪರೀಕ್ಷಾ ಮಂಡಳಿಯ ಎಎಸ್ ಹಂತದಲ್ಲಿ (ಹೆಚ್ಚುಕಡಿಮೆ ನಮ್ಮ ಮೊದಲ ಪಿಯುಸಿ) ಮೀಡಿಯಾ ಸ್ಟಡೀಸ್ ಓದುವ ಮಕ್ಕಳಿಗೆ ಒಂದು ಕೋರ್ಸ್‌ವರ್ಕ್ ಇರುತ್ತದೆ. ಹೊಸದೊಂದು ಕಥಾಚಿತ್ರ ಇದೆ ಅಂದುಕೊಂಡು, ಅದರ ಮೊದಲ ಎರಡು ನಿಮಿಷವನ್ನು, ಅಂದರೆ ಓಪನಿಂಗ್ ಅನ್ನು, ಟೈಟಲ್‌ಗಳ ಸಮೇತ ತಾವೇ ತೆಗೆಯಬೇಕು. ಆಮೇಲೆ ತಾವು ಮಾಡಿದ್ದರ ಬಗ್ಗೆ ತಾವೇ ವಿಮರ್ಶೆ ಕೊಡಬೇಕು. ಬ್ರಿಟನ್ನಿನ ಶಾಲೆಗಳಲ್ಲೂ ಇದೇ ಥರದ ಎರಡು ನಿಮಿಷದ ಕೆಲಸ ಬಹಳ ವರ್ಷ ನಡೆದಿದೆ. ನಮ್ಮಲ್ಲಿ ಪತ್ರಿಕೋದ್ಯಮ ಮತ್ತು ವಿಷುಯಲ್ ಕಮ್ಯುನಿಕೇಶನ್ ಓದುವ ಡಿಗ್ರಿ ಹುಡುಗರಿಗೂ ಹೆಚ್ಚುಕಡಿಮೆ ಇಂಥದ್ದೇ ಅಸೈನ್‌ಮೆಂಟ್ ಬರುತ್ತದೆ.

ಆ ವಿಮರ್ಶೆಯ ಮೊದಲ ಪ್ರಶ್ನೆಯಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ. ನಿಮ್ಮ ಚಿತ್ರ ರೂಢಿಗಳನ್ನು ಹೇಗೆ ಬಳಸಿಕೊಂಡಿದೆ, ಹೇಗೆ ಪ್ರಶ್ನಿಸಿದೆ ಅನ್ನುವುದೇ ಆ ಪ್ರಶ್ನೆಯ ಮೊದಲ ಅರ್ಧ. ಬೆಂಗಳೂರಿನಿಂದ, ದುಬೈಯಿಂದ, ಲಂಡನ್ನಿನಿಂದ ಬರುವ ಓದುಗರ ಮೆಸೇಜ್‌ಗಳಲ್ಲಿ ಕೇಳುವುದು ಒಂದೇ: ‘ಎಷ್ಟು ರೂಢಿ ಮುರಿದರೆ ಸಾಕು?’

ಒಂದು ಮುರಿದರೆ ಸಾಕು. ಆದರೆ ಅದನ್ನು ಮುರಿಯುವ ಮೊದಲು ಉಳಿದ ಎಲ್ಲವನ್ನೂ ನಿಷ್ಠೆಯಿಂದ ಪಾಲಿಸಬೇಕು. ನೋಡುವವರಿಗೆ ‘ಇದು ಹೀಗೇ ಆಗುತ್ತದೆ’ ಅನ್ನಿಸಿದ ಮೇಲೆ ತಾನೇ ಅದು ಹಾಗಾಗದಿದ್ದಾಗ ಬೆಚ್ಚಿಬೀಳುವುದು? ನಿರೀಕ್ಷೆಯನ್ನೇ ಕಟ್ಟದೆ ಮುರಿಯಲು ಹೊರಟರೆ ನೋಡುವವರಿಗೆ ಗೊಂದಲ ಬಿಟ್ಟು ಬೇರೇನೂ ಸಿಗುವುದಿಲ್ಲ.

ಎರಡು ಪದಗಳನ್ನು ಮೊದಲೇ ಹೇಳಿಬಿಡುತ್ತೇನೆ. ಜಾನರ್ ಅಂದರೆ ಸಿನಿಮಾದ ಬಗೆ: ಥ್ರಿಲ್ಲರ್, ಹಾರರ್, ಪ್ರೇಮಕಥೆ, ಹಾಸ್ಯ, ಹೀಗೆ. ರೂಢಿ ಅಂದರೆ ಆ ಬಗೆಯ ಸಿನಿಮಾಗಳಲ್ಲಿ ಮತ್ತೆ ಮತ್ತೆ ಬಂದು, ನೋಡುವವರು ಕಾಯುವಂತಾದ ಸಂಗತಿ. ಹಾರರ್‌ನಲ್ಲಿ ಕರೆಂಟ್ ಹೋಗುವುದು ರೂಢಿ. ಥ್ರಿಲ್ಲರ್‌ನಲ್ಲಿ ಮುಖ ತೋರಿಸದೆ ಬರೀ ಶೂ ತೋರಿಸುವುದು ರೂಢಿ.

ಏನೇನು ಬೇಕು

ಕ್ಯಾಮೆರಾ ಚೆನ್ನಾಗಿರುವ ಒಂದು ಫೋನ್, ಒಂದು ಟ್ರೈಪಾಡ್, ಸದ್ದು ರೆಕಾರ್ಡ್ ಮಾಡಲು ಇನ್ನೊಂದು ಫೋನ್ ಅಥವಾ ಕಾಲರ್ ಮೈಕ್, ಎರಡು ಟೇಬಲ್ ಲ್ಯಾಂಪ್. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಸಾಕು, ಆದರೆ ಅದಕ್ಕೆ ಸ್ವಲ್ಪ ಗಟ್ಟಿ ಕಂಪ್ಯೂಟರ್ ಬೇಕು. ಒಂದು ನೋಟ್‌ಬುಕ್. ಜೊತೆಗೆ ನಿಮ್ಮ ಪರೀಕ್ಷೆ ನಡೆಯುವ ವರ್ಷದ ಸಿಲಬಸ್ ಪ್ರತಿ. ಗುಂಪಿನಲ್ಲಿ ಎಷ್ಟು ಜನ ಇರಬಹುದು, ಯಾವ ವಯಸ್ಸಿನವರಿಗೆ ಒಪ್ಪುವಂತಿರಬೇಕು ಅನ್ನುವಂಥ ನಿಯಮಗಳು ಬದಲಾಗುತ್ತಾ ಇರುತ್ತವೆ. ಅದನ್ನು ಸೀನಿಯರ್‌ಗಳ ಬಾಯಿಮಾತಿನಿಂದ ತಿಳಿದುಕೊಳ್ಳಬೇಡಿ, ಸಿಲಬಸ್‌ನಲ್ಲೇ ಓದಿ.

ಹಂತ 1: ಜಾನರ್ ಅನ್ನು ಸಣ್ಣದು ಮಾಡಿಕೊಳ್ಳಿ

‘ನಮ್ಮದು ಥ್ರಿಲ್ಲರ್’ ಅಂದರೆ ಏನೂ ಹೇಳಿದಂತಾಗಲಿಲ್ಲ. ಪೊಲೀಸ್ ತನಿಖೆಯೂ ಥ್ರಿಲ್ಲರ್, ಬ್ಯಾಂಕ್ ದರೋಡೆಯೂ ಥ್ರಿಲ್ಲರ್, ಮನೆಯಲ್ಲಿ ಒಬ್ಬರೇ ಇದ್ದಾಗ ಯಾರೋ ಬಂದರು ಅನ್ನುವುದೂ ಥ್ರಿಲ್ಲರ್. ಇವುಗಳ ರೂಢಿಗಳು ಬೇರೆ ಬೇರೆ. ಒಂದೇ ವಾಕ್ಯದಲ್ಲಿ ಹೇಳಲು ಬರುವಷ್ಟು ಕಿರಿದು ಮಾಡಿ: ‘ರಾತ್ರಿ ಮನೆಯಲ್ಲಿ ಒಬ್ಬರೇ ಇರುವವರ ಮೇಲೆ ಹೊರಗಿನಿಂದ ಅಪಾಯ ಬರುವ ಥ್ರಿಲ್ಲರ್.’ ಈಗ ಕೆಲಸ ಶುರು ಮಾಡಬಹುದು.

ಇಲ್ಲಿ ಆಗುವ ತಪ್ಪು ಅಂದರೆ ಎಲ್ಲವನ್ನೂ ಬೆರೆಸುವುದು. ಹಾರರ್, ಕಾಮಿಡಿ, ಸೈನ್ಸ್ ಫಿಕ್ಷನ್ ಮೂರನ್ನೂ ಎರಡು ನಿಮಿಷಕ್ಕೆ ತುರುಕಿ ಅದನ್ನೇ ‘ನಾವು ಜಾನರ್ ಮುರಿದೆವು’ ಅನ್ನುತ್ತಾರೆ. ಬೆರೆಸುವುದು ತಪ್ಪಲ್ಲ, ಒಳ್ಳೆಯ ಸಿನಿಮಾಗಳು ಬೆರೆಸುತ್ತವೆ. ಆದರೆ ಅವಕ್ಕೆ ಎರಡು ಗಂಟೆ ಇದೆ, ನಿಮಗೆ 120 ಸೆಕೆಂಡ್ ಇದೆ.

ಹಂತ 2: ಓಪನಿಂಗ್‌ಗಳನ್ನು ನೋಡಿ, ಬರೆದುಕೊಳ್ಳಿ

ನಿಮ್ಮ ಸಣ್ಣ ಜಾನರ್‌ನ ನಾಲ್ಕೈದು ಸಿನಿಮಾಗಳ ಮೊದಲ ಕೆಲವು ನಿಮಿಷ ಮಾತ್ರ ನೋಡಿ. ಒಂದು ಸಲ ಸುಮ್ನೆ ನೋಡಿ. ಎರಡನೇ ಸಲ ಸದ್ದು ಮ್ಯೂಟ್ ಮಾಡಿ ನೋಡಿ. ಮೂರನೇ ಸಲ ಕಣ್ಣು ಮುಚ್ಚಿ ಕೇಳಿ. ಈ ಮೂರನೇ ಸಲವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಥ್ರಿಲ್ಲರ್ ಮತ್ತು ಹಾರರ್‌ನ ಅರ್ಧ ಕೆಲಸ ನಡೆಯುವುದು ಕಿವಿಯಲ್ಲಿ, ಹಾಗಾಗಿ ದಯವಿಟ್ಟು ಬಿಡಬೇಡಿ.

ನೋಟ್‌ಬುಕ್‌ನಲ್ಲಿ ಆರು ಕಾಲಂ ಹಾಕಿ: ಕ್ಯಾಮೆರಾ, ಎಡಿಟಿಂಗ್, ಸದ್ದು, ಮಿಸ್-ಆನ್-ಸೀನ್, ಪಾತ್ರ ಮತ್ತು ಕಥೆ, ಟೈಟಲ್. ಮಿಸ್-ಆನ್-ಸೀನ್ ಅಂದರೆ ಚೌಕಟ್ಟಿನ ಒಳಗೆ ಕಾಣುವ ಎಲ್ಲವೂ: ಜಾಗ, ಬೆಳಕು, ಬಟ್ಟೆ, ಸಾಮಾನು, ನಟರು ನಿಂತ ರೀತಿ.

ಹೇಗೆ ನೋಡಬೇಕು ಅನ್ನುವುದಕ್ಕೆ ಎರಡು ಪ್ರಸಿದ್ಧ ಓಪನಿಂಗ್‌ಗಳನ್ನು ತೆಗೆದುಕೊಳ್ಳೋಣ. 1978ರ ಹಾರರ್ ಸಿನಿಮಾ ‘ಹ್ಯಾಲೋವೀನ್’ನಲ್ಲಿ ಕ್ಯಾಮೆರಾ ಕೊಲೆಗಾರನ ಕಣ್ಣಾಗಿರುತ್ತದೆ. ಮನೆಯನ್ನು ಹೊರಗಿನಿಂದ ನೋಡುತ್ತದೆ, ಒಳಗೆ ಬರುತ್ತದೆ, ಚಾಕು ತೆಗೆದುಕೊಳ್ಳುತ್ತದೆ, ಮುಖವಾಡ ಹಾಕಿಕೊಳ್ಳುತ್ತದೆ, ಕೊಲ್ಲುತ್ತದೆ. ಹೊರಗೆ ಬಂದಾಗ ಮುಖವಾಡ ಕಳಚುತ್ತಾರೆ. ಅಲ್ಲಿರುವುದು ಆರು ವರ್ಷದ ಹುಡುಗ. ಅಷ್ಟು ಹೊತ್ತು ನಾವು ದೊಡ್ಡವನೊಬ್ಬನನ್ನು ಊಹಿಸಿಕೊಂಡಿರುತ್ತೇವೆ, ಯಾಕೆಂದರೆ ಮುಖ ತೋರಿಸಿಲ್ಲ. ಮುಖ ತೋರಿಸದ ಆ ತಂತ್ರವೇ ಕೊನೆಯ ಆಘಾತಕ್ಕೆ ದಾರಿ ಮಾಡಿಕೊಟ್ಟಿದೆ.

1996ರ ‘ಸ್ಕ್ರೀಮ್’ ಬರುವ ಹೊತ್ತಿಗೆ ಇವೆಲ್ಲ ಪ್ರೇಕ್ಷಕರಿಗೆ ಬಾಯಿಪಾಠ ಆಗಿತ್ತು. ಒಂಟಿ ಮನೆ, ರಾತ್ರಿ, ಹುಡುಗಿ, ಫೋನ್ ಕರೆ, ಒಲೆಯ ಮೇಲೆ ಪಾಪ್‌ಕಾರ್ನ್, ಗಾಜಿನ ಬಾಗಿಲಾಚೆ ಕತ್ತಲೆ. ಎಲ್ಲವೂ ರೂಢಿಯಂತೆಯೇ ಇದೆ. ಮುರಿದದ್ದು ಒಂದನ್ನೇ: ಡ್ರೂ ಬ್ಯಾರಿಮೋರ್ ಹೆಸರಾಂತ ನಟಿ, ಪೋಸ್ಟರ್‌ನಲ್ಲಿ ಎದ್ದು ಕಾಣುವ ಮುಖ ಅವರದೇ. ಇವರೇ ನಾಯಕಿ ಅಂದುಕೊಂಡು ಕೂತವರ ಎದುರು ಆ ಪಾತ್ರ ಓಪನಿಂಗ್‌ನಲ್ಲೇ ಸಾಯುತ್ತದೆ. ಇನ್ನು ಯಾರು ಉಳಿಯುತ್ತಾರೋ ಹೇಳಲಾಗದು ಅನ್ನುವ ಭಯ ಇಡೀ ಸಿನಿಮಾಕ್ಕೆ ಸಿಕ್ಕಿತು. ಒಂದು ರೂಢಿ ಮುರಿದು ಇಷ್ಟು ಲಾಭ ಪಡೆದದ್ದನ್ನು ಗಮನಿಸಿ.

ಕನ್ನಡದಲ್ಲೂ ಇದೆ. ಸುನೀಲ್ ಕುಮಾರ್ ದೇಸಾಯಿ ಅವರ 1995ರ ‘ಬೆಳದಿಂಗಳ ಬಾಲೆ’ಯಲ್ಲಿ ನಾಯಕಿಯ ಮುಖವನ್ನೇ ತೋರಿಸುವುದಿಲ್ಲ. ಪ್ರೇಮಕಥೆಯಲ್ಲಿ ನಾಯಕಿಯ ಮುಖ ಕಾಣದಿರುವುದು ಎಂಥ ಧೈರ್ಯ ಅಂತ ಯೋಚಿಸಿ. ಧ್ವನಿಯೊಂದರ ಮೇಲೆ ಕುತೂಹಲ ನಿಂತಿದೆ.

ಹಂತ 3: ಬರೆದುಕೊಂಡದ್ದನ್ನು ಎರಡು ಗುಂಪು ಮಾಡಿ

ಈಗ ನಿಮ್ಮ ಬಳಿ ಮೂವತ್ತು ನಲವತ್ತು ರೂಢಿಗಳ ಪಟ್ಟಿ ಇರಬಹುದು. ಒಂದೊಂದನ್ನೂ ಹೀಗೆ ಕೇಳಿ: ‘ಇದನ್ನು ತೆಗೆದರೆ, ಏನೂ ಗೊತ್ತಿಲ್ಲದ ಒಬ್ಬರಿಗೆ ಮೊದಲ 20 ಸೆಕೆಂಡ್‌ನಲ್ಲಿ ಇದು ಯಾವ ಜಾನರ್ ಅಂತ ತಿಳಿಯುತ್ತದಾ?’ ತಿಳಿಯುವುದಿಲ್ಲ ಅಂದರೆ ಅದು ಬೇಕೇ ಬೇಕಾದದ್ದು. ತಿಳಿಯುತ್ತದೆ ಅಂದರೆ ಬಿಡಬಹುದಾದದ್ದು.

ಒಂಟಿ ಮನೆಯ ಥ್ರಿಲ್ಲರ್‌ಗೆ ನನ್ನ ಲೆಕ್ಕದಲ್ಲಿ ಬೇಕೇ ಬೇಕಾದವು ಮೂರೇ: ಮನೆಯಲ್ಲಿ ಬೇರೆ ಯಾರೂ ಇಲ್ಲ ಅನ್ನುವುದು ಗೊತ್ತಾಗಬೇಕು, ಹೊರಗೆ ಯಾರೋ ಇದ್ದಾರೆ ಅನ್ನುವ ಸುಳಿವು ಬೇಕು, ಆತಂಕ ಹುಟ್ಟಿಸುವ ಸದ್ದು ಬೇಕು. ಮಳೆ, ಗುಡುಗು, ಕಪ್ಪು ಬೆಕ್ಕು, ಕನ್ನಡಿಯಲ್ಲಿ ನೆರಳು ಇವೆಲ್ಲ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು.

ಹಂತ 4: ಮುರಿಯುವ ಒಂದನ್ನು ಆರಿಸಿ

ಇದೇ ಮುಖ್ಯ ಹಂತ, ಅವಸರ ಮಾಡಬೇಡಿ. ಆರಿಸುವಾಗ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ನೋಡುವವರು ಏನನ್ನು ನಿರೀಕ್ಷಿಸುತ್ತಾರೆ? ಆ ನಿರೀಕ್ಷೆ ಯಾವ ಸೆಕೆಂಡ್‌ನಲ್ಲಿ ಮುರಿಯುತ್ತದೆ? ಮುರಿದ ಮೇಲೆ ಅವರಿಗೆ ಹೊಸದಾಗಿ ಏನು ಸಿಗುತ್ತದೆ? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಆ ಉಪಾಯವನ್ನು ಬಿಟ್ಟುಬಿಡಿ.

ಒಂದು ಉದಾಹರಣೆ ಕಟ್ಟೋಣ. ಇದನ್ನೇ ಕೊನೆಯವರೆಗೂ ಬಳಸುತ್ತೇನೆ. ಸಿನಿಮಾದ ಹೆಸರು ‘ಚಿಲಕ’ ಅಂತಿಟ್ಟುಕೊಳ್ಳಿ. ರಾತ್ರಿ, ಅಪಾರ್ಟ್‌ಮೆಂಟ್‌ನ ಮನೆ, ಒಳಗೆ ಒಬ್ಬರೇ ಅಜ್ಜಿ. ಫೋನ್ ರಿಂಗಾಗುತ್ತದೆ, ಆ ಕಡೆ ಮಾತಿಲ್ಲ. ಅಜ್ಜಿಯ ಕೈ ಬಾಗಿಲ ಚಿಲಕದ ಮೇಲೆ, ಹತ್ತಿರದ ಶಾಟ್. ಮೆಟ್ಟಿಲ ಮೇಲೆ ಯಾರದೋ ಶೂ. ಬಾಗಿಲ ಕೆಳಗಿನ ಸಂದಿಯಲ್ಲಿ ನೆರಳು. ಹೊರಗಿನವನು ಬಾಗಿಲು ದೂಡುತ್ತಾನೆ. ಅದು ಸಲೀಸಾಗಿ ತೆರೆದುಕೊಳ್ಳುತ್ತದೆ. ಎದುರಿಗೆ ಕುರ್ಚಿಯಲ್ಲಿ ಅಜ್ಜಿ ಕೂತಿದ್ದಾರೆ, ಮುಂದೆ ಎರಡು ಲೋಟ ಕಾಫಿ. ‘ಬಾಪ್ಪಾ. ಚಿಲಕ ತೆಗೆದಿಟ್ಟು ಎಷ್ಟು ಹೊತ್ತಾಯ್ತು’ ಅನ್ನುತ್ತಾರೆ.

ಚಿಲಕದ ಶಾಟ್ ನೋಡಿದಾಗ ಅಜ್ಜಿ ಬಾಗಿಲು ಹಾಕಿಕೊಂಡರು ಅಂತಲೇ ಅಂದುಕೊಳ್ಳುತ್ತೇವೆ. ಈ ಜಾನರ್‌ನಲ್ಲಿ ಹೆದರಿದವರು ಮಾಡುವುದು ಅದನ್ನೇ. ನಿಜವಾಗಿ ಅವರು ಚಿಲಕ ತೆಗೆದಿದ್ದರು. ಅಂದರೆ ನೋಡುವವರನ್ನು ದಾರಿ ತಪ್ಪಿಸಿದ್ದು ನೀವಲ್ಲ, ಅವರು ಹಿಂದೆ ನೋಡಿದ ಸಿನಿಮಾಗಳು. ರೂಢಿಯನ್ನು ಮುರಿಯಲು ರೂಢಿಯನ್ನೇ ಬಳಸುವುದು ಅಂದರೆ ಇದು. ಮುರಿದ ರೂಢಿ ಒಂದೇ: ಮನೆಯೊಳಗೆ ಒಂಟಿಯಾಗಿರುವವರೇ ಬಲಿ ಅನ್ನುವುದು. ಸಿಕ್ಕ ಲಾಭ: ಅಪಾಯ ಹೊರಗಿನಿಂದ ಒಳಗೆ ಬಂತು ಅಂದುಕೊಂಡಿದ್ದು ಈಗ ಒಳಗೇ ಕೂತಿದೆ, ಹೊರಗಿನಿಂದ ಬಂದವನಿಗಾಗಿಯೇ ಭಯ ಶುರುವಾಗುತ್ತದೆ.

ಇದನ್ನು ಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ಇನ್ನೂ ಹೊಸತಾಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ಹಗಲು, ಅಜ್ಜಿ, ಕಾಫಿ ಮೂರೂ ಸೇರಿದರೆ ಮೊದಲ 20 ಸೆಕೆಂಡ್‌ನಲ್ಲಿ ಅದು ಮನೆಮಂದಿಯ ಕಥೆಯಾಗಿ ಕಾಣುತ್ತದೆ. ಭಯದ ನಿರೀಕ್ಷೆಯೇ ಹುಟ್ಟುವುದಿಲ್ಲ. ಹಗಲಿನಲ್ಲೇ ಭಯ ಹುಟ್ಟಿಸುವುದು ನಿಮ್ಮ ಆಸೆಯಾಗಿದ್ದರೆ ಅದನ್ನೇ ಆ ಒಂದು ಮುರಿತ ಮಾಡಿಕೊಳ್ಳಿ, ಪಾತ್ರವನ್ನು ರೂಢಿಯಂತೆಯೇ ಬಿಡಿ.

ಎಚ್ಚರಿಕೆ: ಮಾಡಲಾಗದ್ದನ್ನು ‘ಮುರಿದೆವು’ ಅನ್ನಬೇಡಿ. ಲೈಟ್ ಸಿಗದೆ ಚಿತ್ರ ಮಬ್ಬಾದರೆ ಅದು ಬೆಳಕಿನ ರೂಢಿಯನ್ನು ಪ್ರಶ್ನಿಸಿದ್ದಲ್ಲ. ನಟಿಸಲು ಯಾರೂ ಸಿಗದೆ ಗೆಳೆಯನನ್ನೇ ಪೊಲೀಸ್ ಮಾಡಿದ್ದು ವಯಸ್ಸಿನ ರೂಢಿಯನ್ನು ಮುರಿದದ್ದಲ್ಲ. ಮೊದಲೇ ಯೋಚಿಸಿ ಮಾಡಿದ್ದಕ್ಕೂ ಆಮೇಲೆ ಸಮರ್ಥನೆ ಹುಡುಕಿದ್ದಕ್ಕೂ ಇರುವ ವ್ಯತ್ಯಾಸ ಓದುವವರಿಗೆ ಗೊತ್ತಾಗುತ್ತದೆ, ಯಾಕೆಂದರೆ ನಿಮ್ಮ ಯೋಜನೆಯ ಟಿಪ್ಪಣಿಗಳಲ್ಲಿ ಅದರ ಸುಳಿವೇ ಇರುವುದಿಲ್ಲ.

ಹಂತ 5: 120 ಸೆಕೆಂಡ್‌ಗಳನ್ನು ಹಂಚಿ

ಟ್ರೇಲರ್ ಮಾಡುವುದು, ಕಿರುಚಿತ್ರ ಮಾಡುವುದು, ಇವೆರಡೂ ಇಲ್ಲಿನ ದೊಡ್ಡ ತಪ್ಪುಗಳು. ಟ್ರೇಲರ್ ಇಡೀ ಸಿನಿಮಾದ ತುಣುಕುಗಳನ್ನು ತೋರಿಸುತ್ತದೆ. ಕಿರುಚಿತ್ರ ಕಥೆ ಮುಗಿಸುತ್ತದೆ. ಓಪನಿಂಗ್ ಒಂದು ಜಾಗದಲ್ಲಿ ಶುರುವಾಗಿ ಒಂದು ಪ್ರಶ್ನೆ ಹುಟ್ಟಿಸಿ ನಿಲ್ಲಬೇಕು. ಫ್ರೆಂಚ್ ವಿಮರ್ಶಕ ರೋಲಾಂಡ್ ಬಾರ್ತ್ 1970ರಲ್ಲಿ ಬರೆದ ಪುಸ್ತಕದಲ್ಲಿ ಓದುಗರನ್ನು ಮುಂದಕ್ಕೆ ಎಳೆಯುವ ಒಗಟಿನ ಎಳೆಯ ಬಗ್ಗೆ ಹೇಳುತ್ತಾರೆ. ಮೀಡಿಯಾ ಪಾಠದಲ್ಲಿ ಎನಿಗ್ಮಾ ಕೋಡ್ ಅನ್ನುವುದು ಅದನ್ನೇ. ‘ಚಿಲಕ’ದಲ್ಲಿ ಬಂದವನು ಯಾರು, ಅಜ್ಜಿ ಯಾಕೆ ಕಾಯುತ್ತಿದ್ದರು ಅನ್ನುವುದನ್ನು ಹೇಳಲೇಬಾರದು. ಇನ್ನೊಂದು ಸಾಲು ಮಾತು ಸೇರಿಸೋಣ ಅಂತ ಕೈ ತುರಿಸುತ್ತದೆ. ಸೇರಿಸಬೇಡಿ.

ನಾನಾದರೆ ಹೀಗೆ ಹಂಚುತ್ತೇನೆ. ಮೊದಲ 12 ಸೆಕೆಂಡ್ ಕಪ್ಪು ಪರದೆ, ನಿರ್ಮಾಣ ಸಂಸ್ಥೆಯ ಹೆಸರು, ಫ್ಯಾನ್ ಕಿರುಗುಟ್ಟುವ ಸದ್ದು. 30ರವರೆಗೆ ಕಿಟಕಿಯ ಹೊರಗಿನಿಂದ ಗ್ರಿಲ್ ಮೂಲಕ ಕಾಣುವ ಮನೆ, ಅಜ್ಜಿಯ ಬೆನ್ನು ಮಾತ್ರ. 45ರವರೆಗೆ ಫೋನ್. 55ರವರೆಗೆ ಚಿಲಕ. 85ರವರೆಗೆ ಮೆಟ್ಟಿಲು ಮತ್ತು ಅಡುಗೆಮನೆ ಒಂದಾದ ಮೇಲೊಂದು, ಶಾಟ್‌ಗಳು ಚಿಕ್ಕದಾಗುತ್ತಾ ಹೋಗಬೇಕು. 105ರವರೆಗೆ ಬಾಗಿಲು. 115ರವರೆಗೆ ಅಜ್ಜಿಯ ಮುಖ, ಮೊದಲ ಸಲ. ಆಮೇಲೆ ಕಪ್ಪು, ಹೆಸರು.

ಟೈಟಲ್‌ಗಳಿಗೂ ರೂಢಿ ಇದೆ. ಸಾಮಾನ್ಯವಾಗಿ ಮೊದಲು ನಿರ್ಮಾಣ ಸಂಸ್ಥೆ, ಆಮೇಲೆ ಮುಖ್ಯ ನಟರು, ನಂತರ ಸಂಗೀತ, ಸಂಕಲನ, ಛಾಯಾಗ್ರಹಣ, ನಿರ್ಮಾಪಕರು, ಬರಹಗಾರರು, ಕೊನೆಗೆ ನಿರ್ದೇಶಕರು. ಎಂಟು ಹತ್ತು ಕಾರ್ಡ್, ಒಂದೊಂದು ಸುಮಾರು 3 ಸೆಕೆಂಡ್. ಪ್ರತಿ ಕಾರ್ಡ್‌ನಲ್ಲೂ ನಿಮ್ಮದೇ ಹೆಸರು ಹಾಕಿಕೊಂಡರೆ ನಿಜವಾದ ಸಿನಿಮಾದಂತೆ ಕಾಣುವುದಿಲ್ಲ, ಕಲ್ಪಿತ ಹೆಸರುಗಳನ್ನು ಹಂಚಿ.

ಕನ್ನಡ ಸಿನಿಮಾ ಅಂದುಕೊಂಡು ಮಾಡುವುದಾದರೆ ನಮ್ಮ ಚಿತ್ರಮಂದಿರಗಳ ಆರಂಭಕ್ಕೆ ಅದರದ್ದೇ ಸಂಗತಿಗಳಿವೆ: ಸೆನ್ಸಾರ್ ಪ್ರಮಾಣಪತ್ರ, ತಂಬಾಕಿನ ಎಚ್ಚರಿಕೆ, ಪಾತ್ರಗಳು ಕಾಲ್ಪನಿಕ ಅನ್ನುವ ಘೋಷಣೆ, ದೇವರ ಅಥವಾ ಅಗಲಿದ ಹಿರಿಯರ ಫೋಟೊ, ಉದ್ದನೆಯ ಕೃತಜ್ಞತೆಗಳ ಪಟ್ಟಿ. ಕೆಲವು ಕಾನೂನಿನಿಂದ ಬಂದವು, ಕೆಲವು ಭಕ್ತಿಯಿಂದ. ಇವನ್ನೆಲ್ಲ ಎರಡು ನಿಮಿಷದೊಳಗೆ ಹಾಕಿದರೆ ಕಥೆಗೆ ಜಾಗವೇ ಉಳಿಯುವುದಿಲ್ಲ. ಹಾಕಬೇಡಿ, ಆದರೆ ಯಾಕೆ ಬಿಟ್ಟಿರಿ ಅನ್ನುವುದನ್ನು ವಿಮರ್ಶೆಯಲ್ಲಿ ಒಂದು ಸಾಲು ಹೇಳಿ. ರೂಢಿಗಳು ಊರಿಂದ ಊರಿಗೆ ಬೇರೆ ಅನ್ನುವ ತಿಳಿವಳಿಕೆ ಅದರಲ್ಲಿ ಕಾಣುತ್ತದೆ.

ಹಂತ 6: ಚಿತ್ರೀಕರಣ

ಚಿಲಕದ ಶಾಟ್‌ಗೆ ಜಾಸ್ತಿ ಹೊತ್ತು ಕೊಡಿ. ಬಾಗಿಲಿನ ಚೌಕಟ್ಟು ಕಂಡರೆ ಚಿಲಕ ಯಾವ ಕಡೆ ಹೋಯಿತು ಅನ್ನುವುದು ತಿಳಿದುಬಿಡುತ್ತದೆ, ಗುಟ್ಟು ಹೋಯಿತು. ಕೈ ಮತ್ತು ಚಿಲಕದ ಮಧ್ಯಭಾಗ ಮಾತ್ರ ಕಾಣುವಷ್ಟು ಹತ್ತಿರ ಹೋಗಿ. ಚಲನೆಯ ನಡುವಿನಲ್ಲಿ ಶಾಟ್ ಶುರು ಮಾಡಿ, ಮುಗಿಯುವ ಮೊದಲು ಕತ್ತರಿಸಿ. ಆದರೆ ನಟಿ ನಿಜವಾಗಿಯೂ ಚಿಲಕ ತೆಗೆಯಬೇಕು. ಹಾಕುವುದನ್ನು ಶೂಟ್ ಮಾಡಿ ಆಮೇಲೆ ‘ತೆಗೆದಿದ್ದರು’ ಅಂದರೆ ಅದು ಮೋಸ. ಎರಡನೇ ಸಲ ನೋಡಿದವರಿಗೆ ‘ಅಯ್ಯೋ, ಇಲ್ಲೇ ಇತ್ತಲ್ವಾ!’ ಅನ್ನಿಸಬೇಕು.

ಫೋನ್ ಕ್ಯಾಮೆರಾಕ್ಕೆ ಕತ್ತಲೆ ಆಗಿಬರುವುದಿಲ್ಲ. ಚಿತ್ರವೆಲ್ಲ ಕಾಳು ಕಾಳಾಗುತ್ತದೆ. ರಾತ್ರಿಯಂತೆ ಕಾಣಬೇಕಾದರೆ ಕೋಣೆಯ ದೊಡ್ಡ ಲೈಟ್ ಆರಿಸಿ, ಒಂದು ಟೇಬಲ್ ಲ್ಯಾಂಪ್ ಚೌಕಟ್ಟಿನ ಒಳಗೇ ಇಡಿ, ಇನ್ನೊಂದು ಹೊರಗಿನಿಂದ ಗೋಡೆಗೆ ತಿರುಗಿಸಿ. ಫೋನ್‌ನಲ್ಲಿ ಎಕ್ಸ್‌ಪೋಷರ್ ಲಾಕ್ ಮಾಡಿ, ಇಲ್ಲದಿದ್ದರೆ ನಟರು ನಡೆದಾಗಲೆಲ್ಲ ಬೆಳಕು ತಂತಾನೇ ಏರಿಳಿಯುತ್ತದೆ. ಎಕ್ಸ್‌ಪೋಷರ್ ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ.

180 ಡಿಗ್ರಿ ನಿಯಮ ಮರೆಯಬೇಡಿ. ಇಬ್ಬರು ಎದುರುಬದುರು ಇದ್ದಾಗ ಅವರ ನಡುವೆ ಒಂದು ಗೆರೆ ಎಳೆದಂತೆ ಊಹಿಸಿಕೊಂಡು ಕ್ಯಾಮೆರಾವನ್ನು ಆ ಗೆರೆಯ ಒಂದೇ ಬದಿಯಲ್ಲಿ ಇಡುವುದು. ದಾಟಿದರೆ ಇಬ್ಬರೂ ಒಂದೇ ಕಡೆ ನೋಡುತ್ತಿರುವಂತೆ ಕಾಣುತ್ತಾರೆ. ಇದನ್ನೂ ಬೇಕೆಂದೇ ಮುರಿಯಬಹುದು, ಆದರೆ ನಾವು ಮುರಿಯಲು ಒಂದನ್ನು ಆಗಲೇ ಆರಿಸಿಕೊಂಡಿದ್ದೇವೆ.

ಇನ್ನು ಸುರಕ್ಷತೆ. ಆಟಿಕೆ ಪಿಸ್ತೂಲು, ಚಾಕು, ನಕಲಿ ರಕ್ತ ಇಟ್ಟುಕೊಂಡು ರಸ್ತೆಯಲ್ಲಿ ಶೂಟ್ ಮಾಡಬೇಡಿ. ದೂರದಿಂದ ನೋಡಿದವರಿಗೆ ಅದು ನಿಜ ಅನ್ನಿಸುತ್ತದೆ. ಅಪಾರ್ಟ್‌ಮೆಂಟ್‌ನ ಸೆಕ್ಯೂರಿಟಿಯವರಿಗೆ, ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿ. ಮೆಟ್ರೊ ನಿಲ್ದಾಣ, ಲಾಲ್‌ಬಾಗ್‌ನಂಥ ಕಡೆ ಅನುಮತಿ ತೆಗೆದುಕೊಳ್ಳದೆ ಹೋಗಬೇಡಿ. ಅಜ್ಜಿಯ ಪಾತ್ರಕ್ಕೆ ಸ್ವಂತ ಅಜ್ಜಿಯನ್ನು ಕೂರಿಸುವುದಾದರೆ ಅವರ ಶಾಟ್‌ಗಳನ್ನೆಲ್ಲ ಒಟ್ಟಿಗೆ ಮೊದಲು ತೆಗೆದು ಬೇಗ ಬಿಟ್ಟುಬಿಡಿ.

ಹಂತ 7: ಸದ್ದು, ಎಡಿಟಿಂಗ್, ಅಕ್ಷರ

ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಅರ್ಧ ನಿಮಿಷ ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿ. ಇದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಎಡಿಟ್ ಮಾಡುವಾಗ ಶಾಟ್‌ಗಳ ನಡುವೆ ಸದ್ದು ಕಡಿದುಹೋಗದಂತೆ ಇದನ್ನೇ ಕೆಳಗೆ ಹಾಸುವುದು. ಚಿಲಕ, ಹೆಜ್ಜೆ, ಲೋಟ ಇವುಗಳ ಸದ್ದನ್ನು ಬೇರೆಯಾಗಿ, ಮೈಕ್ ಹತ್ತಿರ ಹಿಡಿದು ರೆಕಾರ್ಡ್ ಮಾಡಿ. ಹೀಗೆ ಆಮೇಲೆ ಮಾಡಿ ಸೇರಿಸುವ ಸದ್ದಿಗೆ ಫೋಲಿ ಅನ್ನುತ್ತಾರೆ.

ಪಾಲಿಸುವುದು ಮತ್ತು ಮುರಿಯುವುದರ ನಡುವೆ ಇನ್ನೊಂದಿದೆ: ಬೆಳೆಸುವುದು. ರೂಢಿಯನ್ನು ಇಟ್ಟುಕೊಂಡೇ ಅದಕ್ಕೆ ಹೊಸ ರೂಪ ಕೊಡುವುದು. ಥ್ರಿಲ್ಲರ್‌ನಲ್ಲಿ ಅಡುಗೆಮನೆಯ ಚಾಕುವನ್ನು ಹತ್ತಿರದಿಂದ ತೋರಿಸಿ ಸರ್ರನೆ ಲೋಹದ ಸದ್ದು ಹಾಕುತ್ತಾರೆ. ‘ಚಿಲಕ’ದಲ್ಲಿ ಚಾಕುವಿನ ಜಾಗದಲ್ಲಿ ಸ್ಟೀಲ್ ಲೋಟ. ಗ್ರಾನೈಟ್ ಕಟ್ಟೆಯ ಮೇಲೆ ಲೋಟ ಎಳೆದ ಸದ್ದನ್ನು ಸ್ವಲ್ಪ ಜೋರು ಮಾಡಿ ಕೇಳಿ, ಬೆನ್ನು ಚಳುಕ್ ಅನ್ನುತ್ತದೆ. ಒಂದು ಲೋಟ ಮಾತ್ರ ಕಾಣಿಸಿ. ಎರಡನೆಯದು ಕೊನೆಗೆ.

ಸಿನಿಮಾ ಹಾಡು, ಸಿನಿಮಾ ಹಿನ್ನೆಲೆ ಸಂಗೀತ ಬಳಸಬೇಡಿ. ಹಕ್ಕುಸ್ವಾಮ್ಯದ ತೊಂದರೆ ಇಲ್ಲದ ಮೂಲದಿಂದಲೇ ತೆಗೆದುಕೊಳ್ಳಿ, ಯಾವುದು ಎಲ್ಲಿಂದ ಅಂತ ಬರೆದಿಟ್ಟುಕೊಳ್ಳಿ. ನಿಮ್ಮದೇ ಸದ್ದು ಮಾಡಿದರೆ ಇನ್ನೂ ಒಳ್ಳೆಯದು. ಹಾರ್ಮೋನಿಯಂನ ಒಂದೇ ಮಂದ್ರ ಸ್ವರವನ್ನು ಉದ್ದಕ್ಕೆ ಹಿಡಿದು ಎಡಿಟಿಂಗ್‌ನಲ್ಲಿ ನಿಧಾನ ಮಾಡಿ ನೋಡಿ.

ಅಕ್ಷರದ ಬಗ್ಗೆ ಒಂದು ಮಾತು. 1995ರ ‘ಸೆವೆನ್’ ಚಿತ್ರಕ್ಕೆ ಕೈಲ್ ಕೂಪರ್ ಮಾಡಿದ ಟೈಟಲ್‌ಗಳಲ್ಲಿ ಅಕ್ಷರಗಳು ಗೀಚಿದಂತೆ, ನಡುಗುವಂತೆ ಇದ್ದವು. ಆಗ ಅದು ಹೊಸದು. ಆಮೇಲೆ ಎಷ್ಟು ಜನ ಅನುಕರಿಸಿದರೆಂದರೆ ಈಗ ನಡುಗುವ ಅಕ್ಷರವೇ ಥ್ರಿಲ್ಲರ್‌ನ ರೂಢಿ. ಇಂದು ಅದನ್ನು ಬಳಸಿ ‘ನಾವು ಪ್ರಶ್ನಿಸಿದೆವು’ ಅಂದರೆ ಒಪ್ಪುವುದಿಲ್ಲ. ಕನ್ನಡದಲ್ಲಿ ಟೈಟಲ್ ಹಾಕುವವರಿಗೆ ಬೇರೆ ತಲೆನೋವು ಇದೆ: ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತದೆ, ‘ನಿರ್ದೇಶನ’ದ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಹಾಗಾದರೆ ಅಕ್ಷರವನ್ನು ಬೇರೆ ಕಡೆ ಟೈಪ್ ಮಾಡಿ, ಹಿನ್ನೆಲೆ ಇಲ್ಲದ ಚಿತ್ರವಾಗಿ ಉಳಿಸಿ ತಂದು ಹಾಕಿ.

ಹಂತ 8: ಬೇರೆಯವರಿಗೆ ತೋರಿಸಿ

ಕಥೆ ಗೊತ್ತಿಲ್ಲದ ನಾಲ್ಕೈದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ. 20ನೇ ಸೆಕೆಂಡ್‌ನಲ್ಲಿ ನಿಲ್ಲಿಸಿ ‘ಇದು ಯಾವ ಥರದ ಸಿನಿಮಾ?’ ಅಂತ ಕೇಳಿ. ಬಾಗಿಲು ತೆರೆಯುವ ಮೊದಲು ನಿಲ್ಲಿಸಿ ‘ಮುಂದೇನಾಗುತ್ತದೆ?’ ಅಂತ ಕೇಳಿ. ಮುಗಿದ ಮೇಲೆ ‘ಯಾರಿಗಾಗಿ ಭಯ ಆಯಿತು?’ ಅಂತ ಕೇಳಿ. ಉತ್ತರಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಮೊದಲ ಪ್ರಶ್ನೆಗೆ ಬೇರೆ ಬೇರೆ ಉತ್ತರ ಬಂದರೆ ನೀವು ರೂಢಿಯನ್ನು ಸಾಕಷ್ಟು ಪಾಲಿಸಿಲ್ಲ. ಎರಡನೆಯದಕ್ಕೆ ‘ಅಜ್ಜಿಯೇ ಏನೋ ಮಾಡುತ್ತಾರೆ’ ಅಂದರೆ ಗುಟ್ಟು ಮೊದಲೇ ಹೊರಬಿದ್ದಿದೆ, ಚಿಲಕದ ಶಾಟ್ ಇನ್ನಷ್ಟು ಕತ್ತರಿಸಿ. ನೋಡುವಾಗ ಪಕ್ಕದಲ್ಲಿ ಕೂತು ವಿವರಿಸಬೇಡಿ. ನಿಮ್ಮ ಸಿನಿಮಾ ತಾನೇ ಹೇಳಲಾಗದ್ದನ್ನು ನೀವು ಹೇಳಿಬಿಟ್ಟರೆ ಪರೀಕ್ಷೆ ಕೆಟ್ಟಿತು.

ಹಂತ 9: ವಿಮರ್ಶೆ ಬರೆಯುವುದು

ಕೇಂಬ್ರಿಜ್‌ನವರು ಇದನ್ನು ಬರೀ ಪ್ರಬಂಧವಾಗಿ ಕೇಳುವುದಿಲ್ಲ. ಧ್ವನಿ ಸೇರಿಸಿದ ಸ್ಲೈಡ್, ನಿರ್ದೇಶಕರ ಕಾಮೆಂಟರಿ, ಪಾಡ್‌ಕಾಸ್ಟ್‌ನಂಥ ಡಿಜಿಟಲ್ ರೂಪದಲ್ಲಿ ಬಯಸುತ್ತಾರೆ. ರೂಪ ಯಾವುದಾದರೂ ವಾದ ಒಂದೇ ಕ್ರಮದಲ್ಲಿ ಇರಲಿ: ಯಾವ ಸೆಕೆಂಡ್, ಅಲ್ಲಿ ಏನು ಮಾಡಿದಿರಿ, ಆ ರೂಢಿಯನ್ನು ಎಲ್ಲಿ ನೋಡಿದಿರಿ, ಪಾಲಿಸಿದಿರೋ ಬೆಳೆಸಿದಿರೋ ಮುರಿದಿರೋ, ನೋಡುವವರಿಗೆ ಏನಾಯಿತು.

‘ಥ್ರಿಲ್ಲರ್‌ಗಳಲ್ಲಿ ಸಾಮಾನ್ಯವಾಗಿ ಕತ್ತಲೆ ಇರುತ್ತದೆ, ನಾವೂ ಕತ್ತಲೆ ಬಳಸಿದ್ದೇವೆ’ ಎಂದು ಬರೆದರೆ ಏನೂ ಆಗಲಿಲ್ಲ. ಇದನ್ನು ಹೀಗೆ ಮಾಡಿ: ‘45ನೇ ಸೆಕೆಂಡ್‌ನಲ್ಲಿ ಚಿಲಕದ ಹತ್ತಿರದ ಶಾಟ್ ಇದೆ. ಒಂಟಿ ಮನೆಯ ಥ್ರಿಲ್ಲರ್‌ಗಳಲ್ಲಿ ಇಂಥ ಶಾಟ್ ಬಂದರೆ ಪಾತ್ರ ಬಾಗಿಲು ಭದ್ರ ಮಾಡಿಕೊಳ್ಳುತ್ತಿದೆ ಎಂದು ಅರ್ಥ. ಚೌಕಟ್ಟು ಕಾಣದಂತೆ ತೆಗೆದು ಆ ಅರ್ಥವನ್ನೇ ಹುಟ್ಟಿಸಿದೆವು. 105ನೇ ಸೆಕೆಂಡ್‌ನಲ್ಲಿ ಅಜ್ಜಿಯ ಮಾತು ಅದನ್ನು ಸುಳ್ಳು ಮಾಡುತ್ತದೆ. ತೋರಿಸಿ ಕೇಳಿದಾಗ ಹೆಚ್ಚಿನವರು ಮೊದಲು ಅಜ್ಜಿಗಾಗಿ, ಕೊನೆಗೆ ಬಂದವನಿಗಾಗಿ ಹೆದರಿದರು.’ ಹಂತ 8ರ ಉತ್ತರಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಜನ ನಿಜವಾಗಿ ಹೇಳಿದ್ದನ್ನು ಮಾತ್ರ ಬರೆಯಿರಿ.

ಸಿದ್ಧಾಂತಗಳನ್ನು ಹೆಸರಿಗೆ ಉದುರಿಸಬೇಡಿ. ಒಂದು ಸಾಕು, ಅದು ನಿಮ್ಮ ಶಾಟ್‌ಗೆ ತಾಗಬೇಕು. ಬ್ರಿಟಿಷ್ ವಿದ್ವಾಂಸ ಸ್ಟೀವ್ ನೀಲ್ 1980ರ ಪುಸ್ತಕದಲ್ಲಿ ಜಾನರ್ ನಿಂತಿರುವುದು ಪುನರಾವರ್ತನೆ ಮತ್ತು ವ್ಯತ್ಯಾಸ ಎರಡರ ಮೇಲೂ ಅಂತ ವಾದಿಸುತ್ತಾರೆ. ಅದನ್ನು ಚಿಲಕದ ಶಾಟ್‌ಗೆ ಜೋಡಿಸಿದರೆ ಒಂದು ಪ್ಯಾರಾ ಸಲೀಸಾಗಿ ಆಗುತ್ತದೆ.

ವಿಮರ್ಶೆಯ ಆ ಮೊದಲ ಪ್ರಶ್ನೆಯ ಎರಡನೇ ಅರ್ಧವನ್ನು ಮರೆತುಬಿಡುವವರು ಬಹಳ. ಸಮಾಜದ ಗುಂಪುಗಳನ್ನು ಹೇಗೆ ತೋರಿಸಿದ್ದೀರಿ ಅನ್ನುವುದೂ ಅದರಲ್ಲಿದೆ. ಇದನ್ನು ರೂಢಿಯ ಉತ್ತರದಿಂದ ಬೇರೆ ಮಾಡಬೇಡಿ, ಎರಡೂ ಒಂದೇ ಎಳೆ. ಅಮೆರಿಕದ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರ ಪ್ರಬಂಧದಲ್ಲಿ ಕೊಲೆಗಾರನಿಂದ ತಪ್ಪಿಸಿಕೊಂಡು ಕೊನೆಗೆ ಉಳಿಯುವ ಹುಡುಗಿಯ ಪಾತ್ರವನ್ನು ಗುರುತಿಸಿದಾಗ ಹೇಳುತ್ತಿದ್ದುದು ಕಥೆಯ ರೂಢಿಯನ್ನೂ ಹೌದು, ಹೆಣ್ಣನ್ನು ತೋರಿಸುವ ರೀತಿಯನ್ನೂ ಹೌದು. ‘ಚಿಲಕ’ದಲ್ಲೂ ಹಾಗೇ. ನಮ್ಮ ಸಿನಿಮಾಗಳಲ್ಲಿ ಅಜ್ಜಿಯೆಂದರೆ ಸಾಮಾನ್ಯವಾಗಿ ಪೂಜೆ ಮಾಡುವವರು, ನಗಿಸುವವರು, ಕಾಯಿಲೆ ಬಿದ್ದವರು. ಅವರ ಕೈಗೆ ಕಥೆಯ ಹಿಡಿತ ಕೊಟ್ಟಾಗ ಥ್ರಿಲ್ಲರ್‌ನ ಬಲಿಯ ರೂಢಿ ಮುರಿಯುವುದರ ಜೊತೆಗೆ ವಯಸ್ಸಾದ ಹೆಂಗಸರ ಬಗ್ಗೆ ನಮಗಿರುವ ಊಹೆಯೂ ಮುರಿಯುತ್ತದೆ. ಒಂದು ಮಾತು ಮಾತ್ರ: ಅಜ್ಜಿಯನ್ನು ಮಾಟಗಾತಿಯ ಥರ ತೋರಿಸಿಬಿಟ್ಟರೆ ಒಂದು ಹಳೇ ಅಚ್ಚಿನಿಂದ ತೆಗೆದು ಇನ್ನೊಂದು ಹಳೇ ಅಚ್ಚಿಗೆ ಹಾಕಿದಂತಾಗುತ್ತದೆ. ಕೆದರಿದ ಕೂದಲು, ಕೆಳಗಿನಿಂದ ಲೈಟ್ ಬೇಡ. ಮಾಮೂಲಿ ಕಾಟನ್ ಸೀರೆ, ಕನ್ನಡಕ, ಸಮಾಧಾನದ ದನಿ. ಅದೇ ಹೆಚ್ಚು ಹೆದರಿಸುತ್ತದೆ.

ಬೇರೆ ಜಾನರ್‌ನವರಿಗೆ

ಹಾರರ್ ಮಾಡುವವರು ‘ಮೊದಲು ಸದ್ದು ಸತ್ತು ಆಮೇಲೆ ದಿಢೀರ್ ಬೆಚ್ಚಿಸುವುದು’ ಅನ್ನುವ ರೂಢಿಯನ್ನು ಹಿಡಿಯಬಹುದು: ಮೌನ ಕಟ್ಟಿ, ಬೆಚ್ಚಿಸುವ ಸದ್ದನ್ನು ಕೊಡದೆ ಹಾಗೇ ಬಿಟ್ಟುಬಿಡಿ. ಪ್ರೇಮಕಥೆಯವರು ಹುಡುಗ ಹುಡುಗಿ ಡಿಕ್ಕಿ ಹೊಡೆದು ಪುಸ್ತಕ ಬೀಳುವ ಭೇಟಿಯನ್ನು ಪೂರ್ತಿ ರೂಢಿಯಂತೆ ಕಟ್ಟಿ, ಪುಸ್ತಕ ಎತ್ತಿಕೊಟ್ಟ ಮೂರನೆಯವರ ಮೇಲೆ ಕ್ಯಾಮೆರಾ ನಿಲ್ಲಿಸಬಹುದು. ಹಾಸ್ಯ ಕಷ್ಟ. ಅಲ್ಲಿ ಒಂದು ಸೆಕೆಂಡ್ ಹೆಚ್ಚಾದರೂ ನಗು ಬರುವುದಿಲ್ಲ, ಹಾಗಾಗಿ ಮೊದಲ ಸಲ ಮಾಡುವವರಿಗೆ ನಾನು ಅದನ್ನು ಹೇಳುವುದಿಲ್ಲ. ಪೊಲೀಸ್ ತನಿಖೆಯ ಕಥೆಗೆ ಯೂನಿಫಾರ್ಮ್, ಜೀಪು, ಸ್ಟೇಷನ್ ಎಲ್ಲ ಬೇಕಾಗುತ್ತದೆ, ಅವುಗಳ ನಕಲು ಸರಿಬರದಿದ್ದರೆ ಮೊದಲ ಶಾಟ್‌ನಲ್ಲೇ ನಂಬಿಕೆ ಹೋಗುತ್ತದೆ. ಅದರ ಬದಲು ತನಿಖೆ ಶುರುವಾಗುವ ಮುಂಚಿನ ಎರಡು ನಿಮಿಷ ತೆಗೆಯಿರಿ: ಹೆಣ ಸಿಗುವ ಜಾಗಕ್ಕೆ ಬೆಳಿಗ್ಗೆ ಹಾಲು ಹಾಕುವ ಹುಡುಗ ಸೈಕಲ್ ತುಳಿದುಕೊಂಡು ಬರುವುದರಿಂದ ಶುರು ಮಾಡಿ. ಪೊಲೀಸರು ಬರುವ ಹೊತ್ತಿಗೆ ನಿಮ್ಮ ಟೈಟಲ್ ಬಂದಿರಲಿ.